ಹೆಬ್ಬಾಳ: ಲೂಪ್ ಬಂತು, ಸಾಲು ಎಲ್ಲಿಗೆ ಹೋಯಿತು?

2025ರ ಆಗಸ್ಟ್ 18ರಂದು ಬೆಂಗಳೂರಿನ ಹೆಬ್ಬಾಳ ಮೇಲ್ಸೇತುವೆಗೆ ಹೊಸ ಲೂಪ್ ಒಂದು ಸೇರಿಕೊಂಡಿತು. ಉದ್ದ 700 ಮೀಟರ್, ಖರ್ಚು ಸುಮಾರು ₹80 ಕೋಟಿ. ಹೊರವರ್ತುಲ ರಸ್ತೆಯಲ್ಲಿ ಕೆ.ಆರ್. ಪುರ, ನಾಗವಾರದ ಕಡೆಯಿಂದ ಬಂದು ಮೇಖ್ರಿ ವೃತ್ತದತ್ತ ಹೋಗುವವರಿಗೆ ಇದು ಬೇರೆಯೇ ದಾರಿ. ಉದ್ಘಾಟನೆಗೆ ಕೆಲವು ದಿನ ಮುಂಚೆ ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ದ್ವಿಚಕ್ರ ವಾಹನ ಏರಿ ಲೂಪ್ ಪರಿಶೀಲಿಸಿದ್ದು ಸುದ್ದಿಯಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ರಿಬ್ಬನ್ ಕತ್ತರಿಸಿದರು. ಮರುದಿನ ಬೆಳಗ್ಗೆ ಆ ದಾರಿ ಹಿಡಿದವರಿಗೆ ಹೆಬ್ಬಾಳದಲ್ಲಿ ಕೆಲವು ನಿಮಿಷ ಉಳಿದಿದ್ದೂ ನಿಜ, ಮುಂದೆ ಮೇಖ್ರಿ ವೃತ್ತದ ಹತ್ತಿರ ಮತ್ತೆ ಕಾಲು ಬ್ರೇಕಿನ ಮೇಲೆ ಹೋಗಿದ್ದೂ ನಿಜ.

ಲೂಪ್ ಬೇಕಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಬೇಕಿತ್ತು, ಇನ್ನೂ ಹತ್ತು ವರ್ಷ ಮೊದಲೇ ಬೇಕಿತ್ತು. ಆದರೆ ಹೆಬ್ಬಾಳದ ರೋಗಕ್ಕೆ ಕಾಂಕ್ರೀಟ್ ಒಂದೇ ಮದ್ದು ಎಂದು ನಂಬಿ ಕೂತರೆ ಈ ಜಂಕ್ಷನ್ ಇನ್ನೂ ಇಪ್ಪತ್ತು ವರ್ಷ ಹೀಗೇ ಇರುತ್ತದೆ. ಅಲ್ಲಿ ದಿನವೂ ಏನಾಗುತ್ತಿದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಬಳ್ಳಾರಿ ರಸ್ತೆಯೂ ಹೊರವರ್ತುಲ ರಸ್ತೆಯೂ ಸೇರುವಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಈ ಮೇಲ್ಸೇತುವೆ ಕಟ್ಟಿದ್ದು 2000ದ ದಶಕದ ಆರಂಭದಲ್ಲಿ. ಆಗ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣವಿರಲಿಲ್ಲ. ಉತ್ತರಕ್ಕೆ ಹೋದರೆ ಯಲಹಂಕ, ಆಮೇಲೆ ದ್ರಾಕ್ಷಿ ತೋಟ. ಬೆಂಗಳೂರಿನ ಮಟ್ಟಿಗೆ ಅಷ್ಟು ದೊಡ್ಡ, ಅಷ್ಟು ಸುತ್ತುಬಳಸಿನ ಸೇತುವೆ ಆಗ ಒಂದು ವಿಸ್ಮಯವೇ. ಭಾನುವಾರ ಅದನ್ನು ನೋಡಲೆಂದೇ ಸ್ಕೂಟರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋದವರಿದ್ದಾರೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಿಂದ ವಿಮಾನ ಹಾರಾಟ ಶುರುವಾಯಿತು. ನಾಗವಾರದಲ್ಲಿ ಮಾನ್ಯತಾ ಟೆಕ್ ಪಾರ್ಕ್ ಬೆಳೆಯಿತು. ಹೆಬ್ಬಾಳದಿಂದ ಉತ್ತರಕ್ಕೆ ಎತ್ತರಿಸಿದ ಎಕ್ಸ್‌ಪ್ರೆಸ್‌ವೇ ಬಂತು. 2024–25ರಲ್ಲಿ ಆ ನಿಲ್ದಾಣ ಬಳಸಿದ ಪ್ರಯಾಣಿಕರ ಸಂಖ್ಯೆ 4 ಕೋಟಿ ದಾಟಿತು. ಇವರಲ್ಲಿ ಬಹುಪಾಲು ಜನ ಹೆಬ್ಬಾಳವನ್ನು ಮುಟ್ಟದೆ ಊರು ಸೇರುವಂತಿಲ್ಲ.

ಎಕ್ಸ್‌ಪ್ರೆಸ್‌ವೇ ವಿಮಾನ ನಿಲ್ದಾಣದಿಂದ ವಾಹನಗಳನ್ನು ಸರಾಗವಾಗಿ ತಂದು ಹೆಬ್ಬಾಳದ ಬಾಗಿಲಲ್ಲಿ ಇಳಿಸುತ್ತದೆ. ಪಕ್ಕದಲ್ಲಿ ಕೊಡಿಗೇಹಳ್ಳಿ, ಎಸ್ಟೀಮ್ ಮಾಲ್ ಕಡೆಯ ಸರ್ವೀಸ್ ರಸ್ತೆಯೂ ಅಲ್ಲಿಗೇ ಬರುತ್ತದೆ. ಹೀಗೆ ಐದಾರು ಪಥಗಳಲ್ಲಿ ಬಂದ ಗಾಡಿಗಳು ಊರ ಕಡೆಗೆ ಹೋಗುವ ಹಳೆಯ ಸೇತುವೆಯ ಎರಡು ಪಥಗಳಿಗೆ ತೂರಿಕೊಳ್ಳಬೇಕು. ಆ ಎರಡರ ಮೇಲೇ ಇಷ್ಟು ವರ್ಷ ನಾಗವಾರದ ಕಡೆಯ ರ‍್ಯಾಂಪ್ ಕೂಡ ಬಂದು ಸೇರುತ್ತಿತ್ತು. ಹೊಸ ಲೂಪ್ ತಪ್ಪಿಸಿದ್ದು ಈ ಕೊನೆಯ ತಳ್ಳಾಟವನ್ನು.

ಒಂದು ಲೆಕ್ಕ ಹಾಕೋಣ. ಇದು ಅಳೆದದ್ದಲ್ಲ, ವಿಷಯ ತಿಳಿಯಲೆಂದು ಹಾಕಿದ ಲೆಕ್ಕ. ಒಂದು ಪಥದಲ್ಲಿ ಗಾಡಿಗಳು ಎರಡೆರಡು ಸೆಕೆಂಡಿಗೆ ಒಂದರಂತೆ ಸಾಗಿದರೆ ಗಂಟೆಗೆ 1,800 ಹೋಗುತ್ತವೆ. ಎರಡು ಪಥಕ್ಕೆ 3,600. ಬೆಳಗ್ಗೆ ಒಂದು ಗಂಟೆಯಲ್ಲಿ 4,200 ಗಾಡಿ ಬಂದವು ಎನ್ನಿ. 600 ಉಳಿದವು. ಹಿಂದಿನ ಐದು ಪಥಗಳಲ್ಲಿ ಒಂದೊಂದು ಗಾಡಿಗೆ ಏಳು ಮೀಟರಿನಂತೆ ನಿಲ್ಲಿಸಿದರೆ ಆ ಸಾಲು 840 ಮೀಟರ್. ಒಂದು ಗಂಟೆ ಕಳೆದು ಬರುವ ಗಾಡಿಗಳ ಸಂಖ್ಯೆ 3,300ಕ್ಕೆ ಇಳಿಯಿತು ಅನ್ನೋಣ. ಆಗ ಗಂಟೆಗೆ 300ರಂತೆ ಸಾಲು ಕರಗಿ, ಪೂರ್ತಿ ಬಿಡಲು ಇನ್ನೂ ಎರಡು ಗಂಟೆ ಬೇಕು. ಎಂಟೂವರೆಯ ಗಲಾಟೆ ಹನ್ನೊಂದೂವರೆಯವರೆಗೂ ಎಳೆಯುವುದು ಹೀಗೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಒಮ್ಮೆ ಸಾಲು ಕಟ್ಟಿಕೊಂಡಿತೆಂದರೆ ಕುತ್ತಿಗೆಯಂಥ ಆ ಜಾಗದಿಂದ ಹೊರಬೀಳುವ ಗಾಡಿಗಳ ಸಂಖ್ಯೆಯೇ ಕಡಿಮೆಯಾಗುತ್ತದೆ. ನಿಂತ ಗಾಡಿ ಹೊರಡಲು ಸಮಯ ಬೇಕು, ಪಕ್ಕದಿಂದ ಮೂತಿ ತೂರಿಸುವವನಿಗಾಗಿ ಬ್ರೇಕ್ ಒತ್ತಬೇಕು, ಬ್ರೇಕ್ ಒತ್ತಿದ ಅಲೆ ಹಿಂದೆ ಹಿಂದೆ ಸಾಗಬೇಕು. ಈ ನಷ್ಟ ಶೇ 5ರಿಂದ 15ರಷ್ಟಿರುತ್ತದೆ ಎಂಬುದು ಸಂಚಾರ ಎಂಜಿನಿಯರುಗಳಿಗೆ ಹೊಸ ಸಂಗತಿಯಲ್ಲ. ಶೇ 10 ಎಂದೇ ಹಿಡಿಯಿರಿ. 3,600ರ ಬದಲು 3,240. ಈಗ ಮೇಲಿನ ಲೆಕ್ಕಕ್ಕೆ ವಾಪಸ್ ಹೋಗಿ: ಬರುವವು 3,300, ಹೋಗುವವು 3,240. ಸಾಲು ಕರಗುವುದೇ ಇಲ್ಲ! ರಸ್ತೆಯ ಅಗಲ ಒಂದಿಂಚೂ ಬದಲಾಗಿಲ್ಲ. ಬದಲಾದದ್ದು ಗಾಡಿಗಳು ಕೂಡಿಕೊಳ್ಳುವ ರೀತಿ ಮಾತ್ರ. ರಥೋತ್ಸವದ ದಿನ ಗುಡಿಯ ಬಾಗಿಲಲ್ಲಿ ನೂಕುನುಗ್ಗಲಾದಾಗ ಒಳಗೆ ಹೋಗುವವರೇ ಕಡಿಮೆಯಾಗುತ್ತಾರಲ್ಲ, ಹಾಗೆ.

2008ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದಿದೆ. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಬಿಟ್ಟು, ಎಲ್ಲರೂ ಒಂದೇ ವೇಗದಲ್ಲಿ ಓಡಿಸಿ ಎಂದರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಬಸ್ ಇಲ್ಲ, ದನ ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿ ಒಂದು ಕಡೆ ಕಾರುಗಳು ನಿಂತುಬಿಟ್ಟವು. ಆ ನಿಲುಗಡೆ ಅಲೆಯಂತೆ ಹಿಂದಕ್ಕೆ ಸರಿಯುತ್ತಾ ಹೋಯಿತು. ಜಪಾನಿನ ಶಿಸ್ತಿನ ಚಾಲಕರ ಕಥೆಯೇ ಹೀಗಾದರೆ ನಮ್ಮ ಹೆಬ್ಬಾಳದಲ್ಲಿ ಎಡಗಡೆಯಿಂದ ಆಟೊ, ಬಲಗಡೆಯಿಂದ ಕ್ಯಾಬ್, ನಡುವೆ ಡೆಲಿವರಿ ಬೈಕ್ ತೂರುವಾಗ ಏನಾದೀತು!

ಹೆದ್ದಾರಿ ಜಂಕ್ಷನ್‌ಗಳ ವಿನ್ಯಾಸದಲ್ಲಿ ಎಂಜಿನಿಯರುಗಳನ್ನು ಬಹಳ ಕಾಡಿದ್ದು ಒಬ್ಬರ ದಾರಿಗೆ ಇನ್ನೊಬ್ಬರು ಅಡ್ಡ ತೂರುವ ಈ ಹೆಣೆದುಕೊಳ್ಳುವಿಕೆಯೇ. ನಾಲ್ಕೆಲೆಯ ಆಕಾರದ ‘ಕ್ಲೋವರ್‌ಲೀಫ್’ ಜಂಕ್ಷನ್ ಅಮೆರಿಕದಲ್ಲಿ ಮೊದಲು ಬಳಕೆಗೆ ಬಂದದ್ದು 1929ರಲ್ಲಿ, ನ್ಯೂಜೆರ್ಸಿಯ ವುಡ್‌ಬ್ರಿಜ್‌ನಲ್ಲಿ. ಸಿಗ್ನಲ್ಲೇ ಇಲ್ಲದೆ ನಾಲ್ಕೂ ದಿಕ್ಕಿಗೆ ಹೋಗಬಹುದಾದ ಅದನ್ನು ಎಲ್ಲರೂ ಮೆಚ್ಚಿದರು. ದೋಷ ಕಂಡದ್ದು ಗಾಡಿಗಳು ಹೆಚ್ಚಿದಾಗ. ಒಂದು ಲೂಪಿನಿಂದ ಹೆದ್ದಾರಿಗೆ ಹತ್ತುವವನೂ ಮುಂದಿನ ಲೂಪಿಗೆ ಇಳಿಯುವವನೂ ಅದೇ ಚಿಕ್ಕ ಅಂತರದಲ್ಲಿ ಒಬ್ಬರನ್ನೊಬ್ಬರು ದಾಟಬೇಕು. ಒಬ್ಬನಿಗೆ ವೇಗ ಹೆಚ್ಚಿಸಬೇಕು, ಇನ್ನೊಬ್ಬನಿಗೆ ತಗ್ಗಿಸಬೇಕು. ಅಪಘಾತಗಳು ಆಗುವುದು ಇಲ್ಲಿಯೇ. ವುಡ್‌ಬ್ರಿಜ್‌ನ ಆ ಮೊದಲ ಜಂಕ್ಷನ್ನಿನ ವಿನ್ಯಾಸವನ್ನೂ ಮುಂದೆ ಬದಲಿಸಿದರು. ಲೂಪ್ ಸೇರಿಸಿದಷ್ಟೂ ಜಂಕ್ಷನ್ ಚೆನ್ನಾಗುತ್ತದೆ ಎನ್ನುವ ಭ್ರಮೆಯಿಂದ ಆ ದೇಶ ಹೊರಬಂದು ಬಹಳ ಕಾಲವಾಯಿತು.

ಹೆಬ್ಬಾಳದಲ್ಲಿ ಈ ಹೆಣಿಗೆಗೆ ಇನ್ನೊಂದು ಎಳೆಯಿದೆ: ಬಸ್. ಸಂಜೆ ಆರೂವರೆಗೆ ಸೇತುವೆಯ ಬುಡದ ಬಸ್ ಸ್ಟಾಪಿನಲ್ಲಿ ಅರ್ಧ ಗಂಟೆ ನಿಂತು ನೋಡಿ. ತಂಗುದಾಣದ ಮುಂದೆ ರಸ್ತೆಯ ಅಂಚಿಗೆ ಆಟೊಗಳು ನಿಂತಿರುತ್ತವೆ. ಅದರಾಚೆ ಕ್ಯಾಬ್. ಹಾಗಾಗಿ ಬಿಎಂಟಿಸಿ ಬಸ್ ಅಂಚಿಗೆ ಬರಲಾರದು, ಎರಡನೆಯ ಪಥದಲ್ಲೇ ನಿಲ್ಲುತ್ತದೆ. ಬಸ್ ಅಲ್ಲಿ ನಿಲ್ಲುತ್ತದೆಂದು ಗೊತ್ತಿರುವುದರಿಂದ ಜನ ಮೊದಲೇ ರಸ್ತೆಗೆ ಇಳಿದಿರುತ್ತಾರೆ. ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು, ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಮಗುವಿನ ಬೆರಳು. ಹಿಂದೆ ಚಿಕ್ಕಬಳ್ಳಾಪುರದ ಬಸ್ಸು, ಅದರ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ‘ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ’ ಎಂದು ಕೂಗುತ್ತಾನೆ. ಅದು ಮೂರನೆಯ ಸಾಲು. ನಾಲ್ಕು ಪಥದ ರಸ್ತೆಯಲ್ಲಿ ಗಾಡಿ ಹೋಗಲು ಉಳಿದದ್ದು ಒಂದು. ಅದರಲ್ಲಿ ಹಾರನ್ ಬಾರಿಸುತ್ತಾ ಕೂತವನಿಗೆ ಕಾಣುವುದು ಬಸ್ ಚಾಲಕನ ತಪ್ಪು. ಬಸ್ ಚಾಲಕನಿಗೆ ಆಟೊದವನ ತಪ್ಪು. ಆಟೊದವನನ್ನು ಕೇಳಿದರೆ, ‘ಸ್ಟ್ಯಾಂಡ್ ಕೊಟ್ಟಿದ್ದಾರಾ ಸಾರ್, ಎಲ್ಲಿ ನಿಲ್ಸೋದು?’ ಎನ್ನುತ್ತಾನೆ. ಅವನ ಮಾತಿನಲ್ಲೂ ಹುರುಳಿದೆ.

ಈ ಗೋಜಲು ಬಿಡಿಸಲು ಕೋಟಿಗಳು ಬೇಡ. ಬಸ್ಸುಗಳಿಗೆ ಮುಖ್ಯ ರಸ್ತೆಯಿಂದ ಬೇರ್ಪಟ್ಟ ಉದ್ದನೆಯ ಬೇ, ಅದರಲ್ಲಿ ಊರೊಳಗಿನ ಬಸ್ಸಿಗೊಂದು ತುದಿ, ಹೊರ ಊರಿನ ಬಸ್ಸಿಗೊಂದು ತುದಿ, ಆಟೊ ಮತ್ತು ಕ್ಯಾಬ್‌ಗಳಿಗೆ ಅಲ್ಲಿಂದ ದೂರದಲ್ಲಿ ಜಾಗ, ಗಾಡಿ ಕೂಡುವ ಜಾಗದಿಂದ ಇವೆಲ್ಲವನ್ನೂ ಹಿಂದಕ್ಕೆ ಸರಿಸುವುದು. 2022ರ ಕೊನೆಯಲ್ಲಿ ಎಂ.ಎ. ಸಲೀಂ ಸಂಚಾರ ವಿಭಾಗದ ವಿಶೇಷ ಕಮಿಷನರ್ ಆಗಿ ಬಂದಾಗ ಮೊದಲು ಕೈಹಾಕಿದ ಜಾಗಗಳಲ್ಲಿ ಹೆಬ್ಬಾಳವೂ ಒಂದು. ತಿರುವು ಬದಲಿಸುವುದು, ಬ್ಯಾರಿಕೇಡ್ ಇಟ್ಟು ಪಥ ಬೇರ್ಪಡಿಸುವುದು, ಬಸ್ಸು ನಿಲ್ಲುವ ಜಾಗ ಸರಿಸುವುದು, ಇಂಥವೇ ಕೆಲಸಗಳು. ಆಗ ಸಾಲು ಚಿಕ್ಕದಾದದ್ದನ್ನು ದಿನವೂ ಓಡಾಡುವವರು ಗಮನಿಸಿದ್ದರು. ತೊಂದರೆ ಏನೆಂದರೆ ಬ್ಯಾರಿಕೇಡಿಗೆ ಕಾನ್‌ಸ್ಟೆಬಲ್ ಬೇಕು. ಅವರು ಬಂದೋಬಸ್ತಿಗೆ ಹೋದ ದಿನ ಎಲ್ಲವೂ ಮೊದಲಿನಂತೆ. ಬ್ಯಾರಿಕೇಡ್ ಮಾಡುತ್ತಿರುವ ಕೆಲಸವನ್ನು ಕಲ್ಲಿನ ಅಂಚು ಶಾಶ್ವತವಾಗಿ ಮಾಡಬಲ್ಲದು. ಅದನ್ನು ಯಾರೂ ಕಟ್ಟಿಸುವುದಿಲ್ಲ, ಏಕೆಂದರೆ ಅದಕ್ಕೆ ಉದ್ಘಾಟನೆ ಇರುವುದಿಲ್ಲ.

ನಡೆಯುವವರ ಪಾಡನ್ನಂತೂ ಯಾವ ವಿನ್ಯಾಸಕಾರನೂ ನೋಡಿದಂತಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ನಡೆದು ಹೋಗುತ್ತಿದ್ದವರು. ಹೆದ್ದಾರಿ ಜಂಕ್ಷನ್ನಿನ ‘ಸುರಕ್ಷತೆ’ ಎಂದಾಗ ಕಾರಿಗೆ ಕಾರು ಗುದ್ದುವುದನ್ನು ತಪ್ಪಿಸುವುದೇ ಮನಸ್ಸಿಗೆ ಬರುತ್ತದೆ. ಹೆಬ್ಬಾಳದಲ್ಲಿ ಕೆರೆಯ ಕಡೆಯ ಬಸ್ ಸ್ಟಾಪಿನಿಂದ ರೈಲು ನಿಲ್ದಾಣಕ್ಕೆ ನಡೆಯಬೇಕಾದವನ ದಾರಿಯನ್ನು ಕಾಗದದ ಮೇಲೆ ಬರೆದು ನೋಡಿ. ಲೂಪ್ ಒಂದರ ಅಂಚು, ಪಾದಚಾರಿ ಮಾರ್ಗ ಅರ್ಧಕ್ಕೆ ನಿಂತ ಜಾಗ, ತಿರುವಿನಿಂದ ಧುತ್ತೆಂದು ಬರುವ ಗಾಡಿ. ಲೂಪಿನಲ್ಲಿ ಬರುವ ಚಾಲಕನ ಕಣ್ಣು ಬಲಗಡೆ ತಾನು ಸೇರಬೇಕಾದ ಸಾಲಿನ ಮೇಲಿರುತ್ತದೆ, ಎಡಗಡೆ ಇಳಿಯುತ್ತಿರುವ ಮನುಷ್ಯನ ಮೇಲಲ್ಲ. ಸ್ಕೈವಾಕ್ ಇದೆಯಲ್ಲ ಎನ್ನಬಹುದು. ಮಂಡಿನೋವಿನ ಅಜ್ಜಿಗೆ ಸ್ಕೈವಾಕ್ ಮೆಟ್ಟಿಲು ತೋರಿಸಿ ಈ ಮಾತು ಹೇಳಿ ನೋಡಿ. ಗಾಡಿಗಳ ವೇಗ ತಗ್ಗಿಸುವ ಉಬ್ಬು ದಾಟುದಾರಿ, ಮಬ್ಬುಗತ್ತಲೆಯಲ್ಲೂ ಮನುಷ್ಯ ಕಾಣುವಂಥ ದೀಪ, ಎಲ್ಲೂ ತುಂಡಾಗದ ಪಾದಚಾರಿ ಮಾರ್ಗ, ಇವು ಮೊದಲು.

ಗಾಡಿಯಲ್ಲಿರುವವರಿಗೂ ಸಣ್ಣ ಸಣ್ಣ ಸಂಗತಿಗಳೇ ಜೀವ ಉಳಿಸುವುದು. ದಾರಿ ಕವಲಾಗುವ ಜಾಗಕ್ಕೆ ಬಂದ ಮೇಲೆ ಕಾಣುವ ಬೋರ್ಡು ಇದ್ದೂ ಇಲ್ಲದಂತೆ. ತುಮಕೂರು ರಸ್ತೆಗೆ ಹೋಗಬೇಕಾದವನು ಕೊನೆಯ ಗಳಿಗೆಯಲ್ಲಿ ಎಡಕ್ಕೆ ಎಳೆಯುತ್ತಾನೆ. ಇಲ್ಲವೇ ಕವಲಿನ ತ್ರಿಕೋನದಲ್ಲಿ ನಿಲ್ಲಿಸಿ ಮ್ಯಾಪ್ ನೋಡುತ್ತಾನೆ. ತಪ್ಪಿ ಮುಂದೆ ಹೋದವನು ರಿವರ್ಸ್ ಬರುವುದೂ ಉಂಟು. ಅರ್ಧ ಕಿಲೊಮೀಟರ್ ಮುಂಚೆಯೇ ಪಥದ ಮೇಲೆಯೇ ಊರ ಹೆಸರು ಬರೆದರೆ, ಬಣ್ಣ ಅಳಿದಾಗ ಮತ್ತೆ ಬಳಿದರೆ, ಅರ್ಧದಷ್ಟು ಎಳೆದಾಟ ಅಲ್ಲೇ ತಪ್ಪುತ್ತದೆ.

ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಕಥೆ ಅಮೆರಿಕದ ಮಿನ್ನೆಸೋಟದ್ದು. ಅಲ್ಲಿ ಹೆದ್ದಾರಿಗೆ ಹತ್ತುವ ರ‍್ಯಾಂಪ್‌ಗಳಲ್ಲಿ ಸಿಗ್ನಲ್ ಇಟ್ಟು, ಕೆಲವು ಸೆಕೆಂಡಿಗೆ ಒಂದೋ ಎರಡೋ ಕಾರುಗಳನ್ನು ಮಾತ್ರ ಬಿಡುತ್ತಿದ್ದರು. ರ‍್ಯಾಂಪಿನಲ್ಲಿ ಕಾಯುವುದೆಂದರೆ ಜನರಿಗೆ ಕಿರಿಕಿರಿ. ಇದೆಂಥ ದಂಡದ ವ್ಯವಸ್ಥೆ, ತೆಗೆದುಹಾಕಿ ಎಂದು ರಾಜಕಾರಣಿಗಳೇ ಪಟ್ಟು ಹಿಡಿದರು. ಸರಿ, 2000ದ ಶರತ್ಕಾಲದಲ್ಲಿ ಸುಮಾರು 430 ಸಿಗ್ನಲ್‌ಗಳನ್ನು ಕೆಲವು ವಾರ ಆರಿಸಿಯೇ ಬಿಟ್ಟರು. ಹೆದ್ದಾರಿ ಸಾಗಿಸುವ ಗಾಡಿಗಳ ಪ್ರಮಾಣ ಶೇ 9ರಷ್ಟು ಇಳಿಯಿತು. ಪ್ರಯಾಣದ ಸಮಯ ಶೇ 22 ಹೆಚ್ಚಿತು. ಅಪಘಾತಗಳು ಶೇ 26 ಏರಿದವು. ಸಿಗ್ನಲ್‌ಗಳು ವಾಪಸ್ ಬಂದವು, ಕಾಯುವ ಸಮಯವನ್ನು ಮಾತ್ರ ಸ್ವಲ್ಪ ಕಡಿಮೆ ಮಾಡಿದರು. ಬಾಗಿಲಲ್ಲಿ ಸ್ವಲ್ಪ ಕಾದರೆ ಒಳಗೆ ಹೆಚ್ಚು ಸಮಯ ಉಳಿಯುತ್ತದೆ ಎಂದು ಇಡೀ ಊರಿಗೆ ಊರೇ ಪ್ರಯೋಗ ಮಾಡಿ ಕಂಡುಕೊಂಡ ಅಪರೂಪದ ಪ್ರಸಂಗವಿದು. ಹೆಬ್ಬಾಳದಲ್ಲಿ ಸರ್ವೀಸ್ ರಸ್ತೆಯಿಂದ ಸೇತುವೆಗೆ ಹತ್ತುವ ಬಾಯಲ್ಲಿ ಹೀಗೊಂದು ಸಿಗ್ನಲ್ ಬೆಳಗಿನ ಮೂರು ಗಂಟೆ ಇಟ್ಟು ನೋಡಲು ಏನು ಅಡ್ಡಿ? ನಮ್ಮವರು ಕೆಂಪು ದೀಪಕ್ಕೆ ನಿಲ್ಲುತ್ತಾರೆಯೇ ಎನ್ನುವ ಪ್ರಶ್ನೆ ಬರುತ್ತದೆ. ಕ್ಯಾಮೆರಾ ಫೋಟೊ ತೆಗೆದು ಮನೆಗೆ ದಂಡದ ಚೀಟಿ ಕಳಿಸಲು ಶುರುಮಾಡಿದ ಮೇಲೆ ಈ ಊರಿನಲ್ಲಿ ನಿಲ್ಲುವವರ ಸಂಖ್ಯೆ ಹೆಚ್ಚಿದೆ.

ನಮ್ಮ ಸರ್ಕಾರಗಳ ಯೋಚನೆ ಮಾತ್ರ ಯಾವಾಗಲೂ ದೊಡ್ಡದು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಸೇತುವೆ ಕಟ್ಟುವ ಪ್ರಸ್ತಾವ ನೆನಪಿರಬಹುದು. 6.7 ಕಿಲೊಮೀಟರ್, ₹1,791 ಕೋಟಿ, 812 ಮರಗಳ ಬಲಿ. 2016ರ ಅಕ್ಟೋಬರ್ 16ರಂದು ಜನ ಬಳ್ಳಾರಿ ರಸ್ತೆಯುದ್ದಕ್ಕೂ ಕೈಕೈ ಹಿಡಿದು ನಿಂತು ‘ಬೇಡ’ ಎಂದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಆ ಹೋರಾಟ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಸೇತುವೆ ಬೇಡವೆಂದ ಮೇಲೆ ಏನು ಬೇಕು ಎಂದು ಅಷ್ಟೇ ಗಟ್ಟಿಯಾಗಿ ಕೇಳುವ ಸಾಲು ಮತ್ತೆ ಆ ರಸ್ತೆಯಲ್ಲಿ ನಿಲ್ಲಲಿಲ್ಲ. ಈಗ ಹೆಬ್ಬಾಳದಿಂದ ಸೆಂಟ್ರಲ್ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೊಮೀಟರ್ ಸುರಂಗ ರಸ್ತೆಯ ಯೋಜನೆ ಬಂದಿದೆ. ಸುರಂಗದ ಒಂದು ಬಾಯಿ ಹೆಬ್ಬಾಳದಲ್ಲಿ. ಈಗಾಗಲೇ ಕೂಡುವ ಜಾಗದಲ್ಲೇ ಕಟ್ಟಿಕೊಂಡ ಜಂಕ್ಷನ್ನಿಗೆ ಇನ್ನೊಂದು ಕೂಡುವ ಜಾಗ!

ರಸ್ತೆ ಹೆಚ್ಚಿಸಿದಷ್ಟೂ ಗಾಡಿ ಹೆಚ್ಚುತ್ತದೆ ಎನ್ನುವುದು ಬರೀ ಪರಿಸರವಾದಿಗಳ ಮಾತಲ್ಲ. ಡ್ಯುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಅಂಕಿಅಂಶ ಹಿಡಿದು 2011ರಲ್ಲಿ ತೋರಿಸಿದ್ದು ಇದನ್ನೇ: ಹೆದ್ದಾರಿ ಎಷ್ಟು ಪಾಲು ಬೆಳೆದರೆ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಬೆಳೆಯುತ್ತದೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಕೋಟಿ ದಾಟಿವೆ. ಅವುಗಳನ್ನೆಲ್ಲ ಹೆಬ್ಬಾಳ ದಾಟಿಸಿದರೂ ಮೇಖ್ರಿ ವೃತ್ತವಿದೆ, ಅದರ ಪಕ್ಕದಲ್ಲಿ ಅರಮನೆ ಮೈದಾನದ ಭೂಮಿಯ ವ್ಯಾಜ್ಯವಿದೆ, ಅದರಾಚೆ ಊರಿದೆ.

ಹಾಗಾದರೆ ಹೆಬ್ಬಾಳ ಯಾರಿಗಾಗಿ ಇರಬೇಕು? ನನ್ನ ಪ್ರಕಾರ, ಅಲ್ಲಿ ಗಾಡಿ ಬದಲಿಸುವವರಿಗಾಗಿ. ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ನೀಲಿ ಮಾರ್ಗ ಹೆಬ್ಬಾಳವನ್ನು ಮುಟ್ಟಿಯೇ ಹೋಗಬೇಕು. ಜೆ.ಪಿ. ನಗರದಿಂದ ಕೆಂಪಾಪುರದವರೆಗಿನ 32 ಕಿಲೊಮೀಟರಿನ ಮೂರನೆಯ ಹಂತದ ಮಾರ್ಗಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅದೂ ಇಲ್ಲಿಗೇ ಬರುತ್ತದೆ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಹೋಗುವ ಉಪನಗರ ರೈಲಿನ ‘ಮಲ್ಲಿಗೆ’ ಮಾರ್ಗವೂ ಇಲ್ಲೇ ಹಾಯುತ್ತದೆ. ಒಂದು ರೈಲಿನಿಂದ ಇಳಿದು ಇನ್ನೊಂದಕ್ಕೆ ಅಥವಾ ಬಸ್ಸಿಗೆ ಹೋಗಲು ಐದು ನಿಮಿಷದ ನೆರಳಿನ ದಾರಿ ಸಿಕ್ಕರೆ ಮಾತ್ರ ಇಷ್ಟು ಹಣಕ್ಕೆ ಬೆಲೆ. ಒಂದೊಂದು ನಿಲ್ದಾಣವೂ ಒಂದೊಂದು ಮೂಲೆಯಲ್ಲಿ ನಿಂತು, ನಡುವೆ ಲೂಪ್‌ಗಳ ಕಾಡು ಬೆಳೆದರೆ ಜನ ಮತ್ತೆ ಕ್ಯಾಬನ್ನೇ ಕರೆಯುತ್ತಾರೆ.

ನೆರೆಯ ಚೆನ್ನೈ ಒಂದು ಒಳ್ಳೆಯ ಕೆಲಸ ಮಾಡಿದೆ. ಅಲ್ಲಿಯ ಕತ್ತಿಪಾರ ಮೇಲ್ಸೇತುವೆ 2008ರಲ್ಲಿ ಪೂರ್ತಿಯಾದ ನಾಲ್ಕೆಲೆ ಆಕಾರದ ಜಂಕ್ಷನ್. ಅದರ ಅಡಿಯ ಪಾಳು ಜಾಗವನ್ನು 2021ರ ಕೊನೆಯಲ್ಲಿ ಬಸ್ ನಿಲ್ಲುವ, ಜನ ಕೂರುವ, ಅಂಗಡಿಗಳಿರುವ ಚೌಕವಾಗಿ ಮಾಡಿದರು. ಆಲಂದೂರು ಮೆಟ್ರೊ ನಿಲ್ದಾಣ ಹತ್ತಿರದಲ್ಲೇ ಇದೆ. ನಮ್ಮ ಹೆಬ್ಬಾಳ ಸೇತುವೆಯ ಕೆಳಗೆ ಏನಿದೆ ಎಂದು ಇಳಿದು ನೋಡಿದವರಿಗೆ ಗೊತ್ತು.

ಮಳೆಯ ಮಾತು ಬಿಟ್ಟರೆ ಹೆಬ್ಬಾಳದ ಕಥೆ ಪೂರ್ತಿಯಾಗದು. ಇದು ಕೆರೆಯ ಮಗ್ಗುಲಿನ ತಗ್ಗು. ಹೆಬ್ಬಾಳ ಕೆರೆಯ ನೀರು ನಾಗವಾರ ಕೆರೆಯ ಕಡೆಗೆ ಹರಿಯಬೇಕು. ಎಷ್ಟೇ ಪಥ ಹಾಕಿದರೂ ಕಾಲುವೆ ಕಟ್ಟಿಕೊಂಡ ದಿನ ಎಡಪಥದಲ್ಲಿ ಮೊಣಕಾಲುದ್ದ ನೀರು ನಿಂತು ಎಲ್ಲ ಲೆಕ್ಕವೂ ತಲೆಕೆಳಗು. ಈ ಊರಿನಲ್ಲಿ ನೆಲ ಅಗೆಯುವವರು ಸ್ವಲ್ಪ ಕಣ್ಣು ಬಿಟ್ಟೂ ಅಗೆಯಬೇಕು: 2018ರಲ್ಲಿ ಚರಂಡಿಗೆಂದು ಗುಂಡಿ ತೋಡುವಾಗ ಸಿಕ್ಕದ್ದು ಕ್ರಿ.ಶ. 750ರ ಆಸುಪಾಸಿನ ಕಿತ್ತಯ್ಯ ಎಂಬ ವೀರನ ಕಲ್ಲು, ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಉತ್ಸಾಹಿಗಳು ಓಡಿಬಂದು ಕಾಪಾಡದಿದ್ದರೆ ಅದು ಕಾಂಕ್ರೀಟಿನ ಕೆಳಗೇ ಇರುತ್ತಿತ್ತು.

ಸೇತುವೆ ಬಿಡಿಎಯದ್ದು, ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು, ಬಸ್ಸು ಬಿಎಂಟಿಸಿಯದ್ದು, ಹಳಿ ರೈಲ್ವೆಯದ್ದು, ಮೆಟ್ರೊ ನಿಗಮದ ಕಂಬಗಳು ಬೇರೆ, ಪಾದಚಾರಿ ಮಾರ್ಗ ಪಾಲಿಕೆಯದ್ದು, ಬೈಸಿಕೊಳ್ಳುವ ಪಾಳಿ ಮಾತ್ರ ಸಂಚಾರ ಪೊಲೀಸರದು. ಇವರನ್ನೆಲ್ಲ ಒಂದೇ ಮೇಜಿಗೆ ಕೂರಿಸಲೆಂದೇ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲಿ ಆಗಿದೆ. ಆ ಪ್ರಾಧಿಕಾರ ಹೆಬ್ಬಾಳದ ಒಂದೇ ಒಂದು ನಕ್ಷೆ ಬರೆಯಲಿ. ಅದರಲ್ಲಿ ಮೊದಲು ಕಾಲುದಾರಿ, ಆಮೇಲೆ ಬಸ್ಸು, ಆಮೇಲೆ ರೈಲಿನ ಬಾಗಿಲುಗಳು, ಕೊನೆಗೆ ಕಾರಿನ ಪಥ ಬರಲಿ. ಬಸ್ ಬೇ, ಕಲ್ಲಿನ ಅಂಚು, ಬೋರ್ಡು, ಬಣ್ಣ, ದೀಪ, ರ‍್ಯಾಂಪಿಗೊಂದು ಸಿಗ್ನಲ್, ಇಷ್ಟನ್ನು ಮುಂದಿನ ಮಳೆಗಾಲದೊಳಗೆ ಮಾಡಿ, ಮೂರು ತಿಂಗಳು ಗಾಡಿಯನ್ನೂ ಜನರನ್ನೂ ಎಣಿಸಿ, ಆ ಅಂಕಿಗಳನ್ನು ಜನರ ಮುಂದಿಡಲಿ. ಸುರಂಗಕ್ಕೆ ಗುದ್ದಲಿ ಹಾಕುವ ಮಾತು ಅದಾದ ಮೇಲೆ ಆಡಬಹುದು.